ಆರು ಸೀಟಿ

ಆಗಸ್ಟ್ ಹನ್ನೆರಡರ ಹಿಂದಿನ ದಿನ ರೇವನ್ಸ್‌ಲೋ ಗುಡ್ಡದ ಮೇಲೆ ನರಪಿಳ್ಳೆ ಸುಳಿಯಕೂಡದು. ಅದು ಕರ್ನಲ್ ಫೆನ್ವಿಕ್ ಅವರ ತಾತನ ಕಾಲದಿಂದ ಬಂದ ಕಟ್ಟಳೆ. ಹನ್ನೆರಡರ ಬೆಳಿಗ್ಗೆ ಗ್ರೌಸ್ ಹಕ್ಕಿಗಳ ಬೇಟೆ ಶುರು. ಹಿಂದಿನ ದಿನ ಯಾರಾದರೂ ಪೊದೆ ತುಳಿದು ಅವನ್ನು ಎಬ್ಬಿಸಿದರೆ ಕಣಿವೆ ದಾಟಿ ಪಕ್ಕದ ಸಾಹೇಬರ ಗುಡ್ಡಕ್ಕೆ ಹೋಗಿ ಕೂರುತ್ತವೆ. ಲಂಡನ್ನಿನಿಂದ ಬಂದ ಅತಿಥಿಗಳು ಬರಿಗೈಯಲ್ಲಿ ಮಂಜು ನೋಡಿಕೊಂಡು ವಾಪಸಾಗಬೇಕಾಗುತ್ತದೆ. ಹಾಗಾಗಿ ಆ ದಿನ ಕುರಿ ಕಳೆದರೂ ರೈತ ಗುಡ್ಡ ಹತ್ತುವಂತಿಲ್ಲ. ಮ್ಯಾಂಚೆಸ್ಟರಿನಿಂದ ಬೆನ್ನುಚೀಲ ಹೊತ್ತು ಗುಡ್ಡ ಸುತ್ತಲು ಬರುವ ಹುಡುಗ ಹುಡುಗಿಯರಂತೂ ಗೇಟಿನ ಹತ್ತಿರವೂ ಬರುವಂತಿಲ್ಲ. ಇದನ್ನೆಲ್ಲ ನೋಡಿಕೊಳ್ಳುವುದಕ್ಕೆಂದೇ ಸೆತ್ ಬ್ಯಾಗ್‌ಶಾ ಇದ್ದ.

ಸೆತ್ ಗುಡ್ಡದ ಕಾವಲುಗಾರ. ಐವತ್ತೆರಡು ವಯಸ್ಸು, ಬಾಗದ ಬೆನ್ನು, ಎರಡು ಮಾತಿಗೆ ಮೂರನೆಯದು ಸೇರಿಸದ ಬಾಯಿ. ಗುಡ್ಡದ ಬುಡದಲ್ಲಿದ್ದ ಕಲ್ಲಿನ ಮನೆ ಕೆಲಸದ ಜೊತೆ ಬಂದದ್ದು, ಕೆಲಸ ಹೋದರೆ ಅದೂ ಹೋಗುತ್ತದೆ. ಅವನಿಗಿಂತ ಹಿಂದೆ ಇದ್ದವನೊಬ್ಬ ಹನ್ನೊಂದನೆಯ ತಾರೀಕು ಮೂರು ಜನ ರೈತರನ್ನು ಕುರಿ ಹುಡುಕಲು ಬಿಟ್ಟಿದ್ದ. ಮಾರನೆಯ ದಿನ ಹಕ್ಕಿ ಕಡಿಮೆ ಬಿದ್ದವು, ಅದರ ಮಾರನೆಯ ವಾರ ಅವನ ಮಂಚ, ಮೇಜು, ಮಕ್ಕಳು ಎಲ್ಲ ರಸ್ತೆಯಲ್ಲಿದ್ದವು. ಆ ಮಂಚವನ್ನು ಆಚೆ ಹೊರಲು ಕೈ ಹಚ್ಚಿದವನೇ ಸೆತ್. ಅದರ ಭಾರ ಅವನ ಕೈಗೆ ಇನ್ನೂ ನೆನಪಿತ್ತು.

ಸಾವಿರದ ಒಂಬೈನೂರ ಐವತ್ತೆರಡರ ಆಗಸ್ಟ್ ಹನ್ನೊಂದು ಸೋಮವಾರ. ಮಧ್ಯಾಹ್ನದಿಂದಲೇ ಮಂಜು ಗುಡ್ಡದ ನೆತ್ತಿಯನ್ನು ನುಂಗಿತ್ತು. ಐದಕ್ಕೆ ಹತ್ತು ನಿಮಿಷವಿದ್ದಾಗ ಸೆತ್ ಅಂಗಳದಲ್ಲಿ ಕೂತು ಹಕ್ಕಿ ಎಬ್ಬಿಸುವವರಿಗೆ ಕೊಡುವ ಬಿಳಿ ಬಾವುಟಗಳನ್ನು ಕೋಲಿಗೆ ಕಟ್ಟುತ್ತಿದ್ದ. ತಲೆಯ ಮೇಲೆ ವಿಮಾನವೊಂದು ಹೋಯಿತು. ಕಾಣಲಿಲ್ಲ, ಬರೀ ಸದ್ದು. ಯುದ್ಧಕಾಲದಿಂದ ವಿಮಾನ ಕೇಳಿ ಕೇಳಿ ಪಳಗಿದ ಕಿವಿ ಅದು. ಇಷ್ಟು ಕೆಳಗೆ ಹೋಗಬಾರದು ಎಂದು ತಕ್ಷಣ ತಿಳಿಯಿತು. ಆಮೇಲೆ ಅಟ್ಟದಿಂದ ಹಿಟ್ಟಿನ ಮೂಟೆ ಬಿದ್ದ ಹಾಗೆ ಒಂದು ಸದ್ದು. ಇಂಜಿನ್ ನಿಂತಿತು. ನಾಯಿ ನೆಲ್ ಎದ್ದು ನಿಂತು ಗುಡ್ಡದ ಕಡೆ ಮೂಗು ಮಾಡಿತು.

ಹೆಂಡತಿ ಅಡಾ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಬಿತ್ತು," ಅಂದಳು.

"ಗುಡುಗು."

"ಗುಡುಗಿಗೆ ಇಂಜಿನ್ ಇರುತ್ತಾ?"

ಸೆತ್ ಇನ್ನೊಂದು ಬಾವುಟ ಕಟ್ಟಿದ. ಹೋಗಿ ನೋಡೋಣ ಎಂದು ಅವನಿಗೂ ಅನ್ನಿಸದೆ ಇರಲಿಲ್ಲ. ಆದರೆ ಒಬ್ಬ ಹೋಗಿ ನೋಡಿದರೆ ಮುಗಿಯುವ ಕೆಲಸವೇ ಇದು? ನೋಡಿದರೆ ಹೇಳಬೇಕು. ಹೇಳಿದರೆ ಪೊಲೀಸರು ಬರುತ್ತಾರೆ, ವಾಯುಪಡೆಯವರು ಬರುತ್ತಾರೆ, ಕಣಿವೆಯ ರೈತರೆಲ್ಲ ಕೋಲು ಲಾಟೀನು ಹಿಡಿದು ಸಾಲುಗಟ್ಟಿ ಪೊದೆಪೊದೆ ಬಡಿಯುತ್ತಾರೆ. ಬೆಳಗಾಗುವಷ್ಟರಲ್ಲಿ ರೇವನ್ಸ್‌ಲೋ ಮೇಲೆ ಒಂದು ಹಕ್ಕಿಯೂ ಉಳಿಯುವುದಿಲ್ಲ. ಕರ್ನಲ್ ಅವರ ಬಂಗಲೆಗೆ ಆಗಲೇ ಎಂಟು ಜನ ಅತಿಥಿಗಳು ಬಂದಿಳಿದಿದ್ದರು.

ಐದೂ ಹತ್ತಕ್ಕೆ ಸೀಟಿ ಕೇಳಿಸಿತು. ಆರು ಸಲ. ಒಂದು ನಿಮಿಷ ಸುಮ್ಮನೆ. ಮತ್ತೆ ಆರು ಸಲ.

ಗುಡ್ಡದಲ್ಲಿ ಹುಟ್ಟಿದ ಮಗುವಿಗೂ ಅದರ ಅರ್ಥ ಗೊತ್ತು. ನಿಮಿಷಕ್ಕೆ ಆರು ಸೀಟಿಯೆಂದರೆ ಜೀವ ಹೋಗುತ್ತಿದೆ, ಬನ್ನಿ ಎಂದು. ಸೆತ್ ತಾನೇ ಊರಿನ ಶಾಲೆಗೆ ಹೋಗಿ ಮಕ್ಕಳಿಗೆ ಅದನ್ನು ಹೇಳಿಕೊಟ್ಟವನು.

"ಪ್ಲೋವರ್ ಹಕ್ಕಿ," ಅಂದ, ಯಾರೂ ಕೇಳದಿದ್ದರೂ.

"ಹಕ್ಕಿ ಎಣಿಸಿಕೊಂಡು ಕೂಗುತ್ತಾ, ಸೆತ್?"

ಆಗ ಅವನು ಹೆಂಡತಿಯನ್ನು ಒಳಗೆ ಕೂರಿಸಿಕೊಂಡು ತನ್ನ ಲೆಕ್ಕಾಚಾರ ವಿವರಿಸಿದ. ಸತ್ತವರಿಗೆ ಅವಸರವಿಲ್ಲ. ಬದುಕಿರುವವನಿಗೆ ಸೀಟಿ ಊದುವಷ್ಟು ಉಸಿರಿದೆಯೆಂದರೆ ಬೆಳಗಿನ ತನಕ ತಾಳುತ್ತಾನೆ. ಬೆಳಿಗ್ಗೆ ಹೇಗೂ ನಲವತ್ತು ಜನ ಹಕ್ಕಿ ಎಬ್ಬಿಸುತ್ತ ಆ ಕಡೆಗೇ ಹೋಗುತ್ತಾರೆ, ತಾವಾಗಿಯೇ ಕಾಣುತ್ತದೆ, ಯಾರಿಗೂ ನಷ್ಟವಿಲ್ಲ. ಸ್ವಂತ ಪಾಪಕ್ಕೆ ಮನುಷ್ಯ ಎಷ್ಟು ಚೆಂದದ ಅಂಗಿ ಹೊಲಿಯುತ್ತಾನೆ ನೋಡಿ! ಅಡಾ ಆ ಅಂಗಿಯನ್ನು ತಿರುವಿ ಮುರುವಿ ನೋಡಿದಳು. ಆಮೇಲೆ ಮನೆಯ ಗೋಡೆಗಳನ್ನು ನೋಡಿದಳು. ಆಲೂಗಡ್ಡೆ ಸುಲಿಯಲು ಕೂತಳು.

ಆರೂವರೆಗೆ ಪೇದೆ ಲೋಮಸ್ ಸೈಕಲ್ ತಳ್ಳಿಕೊಂಡು ಏರು ಹತ್ತಿ ಬಂದ. ಅಷ್ಟರಲ್ಲಿ ಸೀಟಿ ನಿಂತಿತ್ತು. ತರಬೇತಿ ವಿಮಾನವೊಂದು ತಪ್ಪಿಹೋಗಿದೆ, ನಾಲ್ಕು ಜನ ಹುಡುಗರು ಇದ್ದಾರೆ, ಎಲ್ಲ ಠಾಣೆಗೂ ಫೋನ್ ಬಂದಿದೆ ಎಂದ. ಏದುಸಿರು ಬಿಡುತ್ತ ಅಡಾ ಕೊಟ್ಟ ಚಹಾ ಕುಡಿದ.

"ನಿನ್ನ ಕಿವಿಗೆ ಏನಾದ್ರೂ ಬಿತ್ತಾ, ಸೆತ್? ನೀನು ಹೇಳಿದ ಕಡೆ ಜನ ಕಳಿಸ್ತೀನಿ. ಈ ಮಂಜಲ್ಲಿ ನಾನೆಲ್ಲಿ ಅಂತ ಹುಡುಕಲಿ ಮಾರಾಯ?"

"ಐದು ಗಂಟೆ ಹೊತ್ತಿಗೆ ಒಂದು ಹೋಯ್ತು. ಪೂರ್ವಕ್ಕೆ. ಜಲಾಶಯದ ಕಡೆ."

"ಖಂಡಿತಾನಾ?"

"ನನ್ನ ಕಿವಿ ಸುಳ್ಳು ಹೇಳಲ್ಲ."

ಅದು ನಿಜವೇ, ಸುಳ್ಳು ಹೇಳಿದ್ದು ಕಿವಿಯಲ್ಲ. ಜಲಾಶಯ ಎಂಟು ಮೈಲಿ ಆಚೆ. ಲೋಮಸ್ ಥ್ಯಾಂಕ್ಸ್ ಹೇಳಿ ಇಳಿಜಾರಿನಲ್ಲಿ ಸೈಕಲ್ ಬಿಟ್ಟ. ಐವತ್ತು ಜನ ಆ ರಾತ್ರಿಯೆಲ್ಲ ಜಲಾಶಯದ ದಂಡೆ ಸುತ್ತಿದರು.

ಪೇದೆ ಹೋಗಿ ಅರ್ಧ ಗಂಟೆಗೆ ಸೀಟಿ ಮತ್ತೆ ಶುರುವಾಯಿತು. ಈ ಸಲ ನೆಲ್ ತಡೆದುಕೊಳ್ಳಲಿಲ್ಲ. ಗೋಡೆಯ ಮೇಲೆ ಮುಂಗಾಲಿಟ್ಟು ಗುಡ್ಡದತ್ತ ಮುಖ ಮಾಡಿ ಒಂದೇ ಸಮ ಬೊಗಳಿತು. ಮೇಲಿನ ಸೀಟಿ ಜೋರಾಯಿತು, ನಾಯಿಯ ದನಿಯೂ ಜೋರಾಯಿತು. ಸೆತ್ ಹೊರಗೆ ಬಂದು, ಜೀವಮಾನದಲ್ಲಿ ಆ ನಾಯಿಗೆ ಹಾಕದಷ್ಟು ದೊಡ್ಡ ಗದರಿಕೆ ಹಾಕಿ, ಕೊರಳ ಪಟ್ಟಿ ಹಿಡಿದು ಒಳಗೆಳೆದು ಬಾಗಿಲು ಮುಚ್ಚಿದ. ನೆಲ್ ಮೇಜಿನ ಕೆಳಗೆ ಹೋಗಿ ಮಲಗಿತು.

ಬೆಳಿಗ್ಗೆ ಒಂಬತ್ತೂವರೆಗೆ ಮಂಜು ತೆಳುವಾಯಿತು. ಸೆತ್ ತನ್ನ ಜನರನ್ನು ಸಾಲು ನಿಲ್ಲಿಸಿದ. ನೇರವಾಗಿ ರೇವನ್ಸ್‌ಲೋ ನೆತ್ತಿಗೇ ನುಗ್ಗಿಸಬಹುದಿತ್ತು. ಆದರೆ ಮೊದಲ ಸುತ್ತು ಯಾವಾಗಲೂ ಪಕ್ಕದ ಬಯಲಿನಲ್ಲಿ, ಅಲ್ಲಿ ಹಕ್ಕಿ ಹೆಚ್ಚು, ಅತಿಥಿಗಳಿಗೆ ಆರಂಭದಲ್ಲೇ ಹುರುಪು ಬರಬೇಕು. ನೆತ್ತಿಯದು ಎರಡನೆಯ ಸುತ್ತು. ಹಾಗೇ ನಡೆಯಿತು. ಹತ್ತೂಕಾಲಿಗೆ ಬಂದೂಕುಗಳು ಶುರುವಾದವು. ಹಕ್ಕಿಗಳು ಗುಂಪುಗುಂಪಾಗಿ ಎದ್ದವು, ಗುಂಪುಗುಂಪಾಗಿ ಬಿದ್ದವು. ಕರ್ನಲ್ ಅವರ ಮುಖ ಅರಳಿತ್ತು.

ಗುಂಡಿನ ನಡುವೆ ಬಿಡುವಾದಾಗ ಬಿಯರ್ ಕಾರ್ಖಾನೆಯ ಮಾಲೀಕರಾದ ದಪ್ಪ ಅತಿಥಿಯೊಬ್ಬರು ಕಿವಿಗೆ ಕೈ ಮರೆ ಮಾಡಿದರು. "ಅದ್ಯಾವ ಹಕ್ಕಿ, ಬ್ಯಾಗ್‌ಶಾ? ಒಳ್ಳೇ ಸೀಟಿ ಊದಿದ ಹಾಗೆ ಕೂಗ್ತಾ ಇದೆ."

"ಪ್ಲೋವರ್, ಸರ್. ಮರಿ ಇದ್ದಾಗ ಹಾಗೇ."

"ಪಾಪ, ಹೆದರಿದೆ," ಎಂದು ಅವರು ಬಂದೂಕಿಗೆ ಮತ್ತೆ ಗುಂಡು ತುಂಬಿಸಿದರು.

ಹನ್ನೊಂದೂ ನಲವತ್ತಕ್ಕೆ ಎರಡನೆಯ ಸುತ್ತಿನ ಸಾಲು ನೆತ್ತಿ ತಲುಪಿತು. ಸೆತ್ ಎಲ್ಲರಿಗಿಂತ ನೂರು ಗಜ ಮುಂದಿದ್ದ. ಅಷ್ಟಾದರೂ ಎಚ್ಚರ ವಹಿಸಿದ್ದ. ವಿಮಾನ ಹೊಟ್ಟೆ ಸೀಳಿಕೊಂಡು ಕಪ್ಪು ಜೌಗಿನಲ್ಲಿ ಹೂತಿತ್ತು. ಮುಂದೆ ಕೂತಿದ್ದ ಇಬ್ಬರು ಮತ್ತು ಹಿಂದಿನ ಒಬ್ಬ ಗುರುತು ಹತ್ತುವಂತಿರಲಿಲ್ಲ. ನಾಲ್ಕನೆಯವನು ಹೊರಗೆ ಹನ್ನೆರಡು ಹೆಜ್ಜೆ ತೆವಳಿ ಬಂದು ಬಂಡೆಗೊರಗಿದ್ದ. ಎಳೆಯ ಮುಖ, ಇಪ್ಪತ್ತು ದಾಟಿರಲಾರದು. ಎರಡೂ ಕಾಲು ತಿರುಚಿ ಹೋಗಿದ್ದವು. ವಾಯುಪಡೆಯವರು ಕಾಲರಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಸೀಟಿ ಅವನ ಹಲ್ಲುಗಳ ನಡುವೆ ಇತ್ತು. ಸೆತ್ ಅವನ ಕೈ ಮುಟ್ಟಿದ. ಕೈ ಬೆಚ್ಚಗಿತ್ತು. ಉಸಿರಿರಲಿಲ್ಲ.

ಆ ಕ್ಷಣ ಸೆತ್‌ಗೆ ಅಳು ಬಂತು. ಆದರೆ ಬೆನ್ನ ಹಿಂದೆ ಜನರ ದನಿ ಹತ್ತಿರವಾಗುತ್ತಿತ್ತು. ಹುಡುಗನ ದವಡೆ ಸಡಿಲಿಸಿ ಸೀಟಿ ತೆಗೆದ. ತನ್ನ ಪ್ಯಾಂಟಿಗೆ ಒರೆಸಿದ. ಮತ್ತೆ ಅವನ ಕಾಲರಿನ ಕೊಕ್ಕೆಗೆ ಸಿಕ್ಕಿಸಿದ. ಆಮೇಲೆ ಎದ್ದು ನಿಂತು ಬಾವುಟ ಬೀಸಿ ಕೂಗಿದ.

ಕರ್ನಲ್ ಫೆನ್ವಿಕ್ ಬಂದು ನೋಡಿ ಹ್ಯಾಟು ತೆಗೆದರು. ಬೇಟೆ ನಿಂತಿತೆಂದು ಸಾರಿದರು. ಸೆತ್‌ನ ಹೆಗಲ ಮೇಲೆ ಕೈಯಿಟ್ಟು, "ನಿನ್ನೇನೇ ಗೊತ್ತಾಗಿದ್ರೆ ಗುಡ್ಡಾನೇ ತೆರೆದುಬಿಡ್ತಿದ್ದೆ, ಬ್ಯಾಗ್‌ಶಾ. ಹಾಳು ಹಕ್ಕಿ, ಯಾರಿಗೆ ಬೇಕಿತ್ತು," ಎಂದರು. ಅವರ ಕಣ್ಣು ನಿಜವಾಗಿಯೂ ಒದ್ದೆಯಾಗಿತ್ತು. ಒಬ್ಬ ಸತ್ತ ಮೇಲೆ ಉಳಿದವರೆಲ್ಲ ಧರ್ಮರಾಯರೇ. ಹಿಂದಿನ ಕಾವಲುಗಾರನ ಮಂಚವನ್ನು ಬೀದಿಗೆ ಹಾಕಿಸಿದ ಕೈ ಅದೇ. ಆದರೂ, ಒಂದು ವೇಳೆ ಕರ್ನಲ್ ಈಗ ಹೇಳಿದ್ದು ನಿಜವೇ ಇದ್ದರೆ? ಒಂದು ಮಾತು ಕೇಳಿದ್ದರೆ ಬಿಡುತ್ತಿದ್ದರೇನೋ? ಇದಕ್ಕಿಂತ ದೊಡ್ಡ ಶಿಕ್ಷೆ ಸೆತ್‌ಗೆ ಇನ್ನೇನೂ ಇರಲಾರದು ಎಂದು ಅವನಿಗೆ ಅಂದು ಅನ್ನಿಸಿತು. ಅವನ ಎಣಿಕೆ ತಪ್ಪಾಗಿತ್ತು.

ತಿಂಗಳ ಕೊನೆಗೆ ವಿಚಾರಣೆಗೆ ಮೂವರು ಅಧಿಕಾರಿಗಳು ಬಂದರು. ದಾರಿ ತೋರಿಸಿದವನು ಸೆತ್. ಅವರು ಮುರಿದ ರೆಕ್ಕೆ ಅಳೆದರು, ವಿಮಾನದ ಅಳತೆ ಮಾಪಕಗಳನ್ನು ಬಿಚ್ಚಿ ಪೆಟ್ಟಿಗೆಗೆ ತುಂಬಿಸಿದರು. ಕಾರಣ ಸುಲಭವಾಗಿಯೇ ಸಿಕ್ಕಿತು. ಎತ್ತರ ತೋರಿಸುವ ಮುಳ್ಳನ್ನು ಹೊರಡುವಾಗ ಅಲ್ಲಿನ ಗಾಳಿಯ ಒತ್ತಡಕ್ಕೆ ಸರಿಹೊಂದಿಸಿದ್ದರು. ಈ ಕಡೆ ಬರುವಷ್ಟರಲ್ಲಿ ಒತ್ತಡ ಇಳಿದಿತ್ತು. ಚಾಲಕ ಮುಳ್ಳನ್ನು ಮತ್ತೆ ಹೊಂದಿಸಲಿಲ್ಲ. ಅದು ಗುಡ್ಡಕ್ಕಿಂತ ಮೇಲೆ ಇದ್ದೀರಿ ಎನ್ನುತ್ತಿತ್ತು, ವಿಮಾನ ನೆತ್ತಿಗಿಂತ ಎಂಬತ್ತು ಅಡಿ ಕೆಳಗಿತ್ತು. ಚಾಲಕನ ತಪ್ಪು ಎಂದು ಬರೆದರು. ನಾಲ್ಕನೆಯವನು ಬಡಿತಕ್ಕೆ ಹೊರಗೆ ಸಿಡಿದು ಬಿದ್ದ, ನಾಲ್ವರೂ ಬಡಿದ ಕೂಡಲೇ ಸತ್ತರು ಎಂದೂ ಬರೆದರು. ಶವ ಪರೀಕ್ಷಿಸಿದ ಡಾಕ್ಟರಿಗೆ ಬೇರೆಯದೇ ಗೊತ್ತಿದ್ದಿರಬೇಕು. ತಾಯಂದಿರಿಗೆ ಇಷ್ಟಾದರೂ ಸಮಾಧಾನ ಸಿಗಲಿ ಎಂದು ಬಿಟ್ಟಿರಬೇಕು. ಸಿಕ್ಕಾಗ ಬಂಡೆಯ ಬಳಿಯ ಹುಡುಗನ ಮೈ ತಣ್ಣಗಿತ್ತೇ ಎಂದು ಸೆತ್‌ನನ್ನು ಕೇಳಿದರು. ಕಲ್ಲಿನ ಹಾಗಿತ್ತು, ಸರ್, ಎಂದ.

ಅಲ್ಲಿಗೆ ಎಲ್ಲ ಮುಗಿದಂತಾಯಿತು. ಸೆಪ್ಟೆಂಬರಿನಲ್ಲಿ ಸೆತ್ ಸರಿಯಾಗಿ ಉಂಡ, ಸರಿಯಾಗಿ ನಿದ್ದೆ ಮಾಡಿದ. ನೆಲ್ ಮಾತ್ರ ನೆತ್ತಿಯ ಕಡೆ ಹೋದರೆ ಬಾಲ ಮಡಚುತ್ತಿತ್ತು.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಕಪ್ಪು ಕೋಟಿನ ಹೆಂಗಸೊಬ್ಬಳು ಬಸ್ಸಿಳಿದು ಏರು ಹತ್ತಿ ಬಂದಳು. ಹೆಸರು ಮಿಸೆಸ್ ಅಸ್ಪಿನಾಲ್, ಊರು ಬರ್ನ್ಲಿ. ವಿಮಾನದಲ್ಲಿ ದಾರಿ ನೋಡಿ ಹೇಳುವ ಕೆಲಸದ ಹುಡುಗ, ಲೆಸ್ಲಿ, ತನ್ನ ಮಗ ಎಂದಳು. ಬಂಡೆಗೊರಗಿದ್ದವನು. ಆರ್ಡರ್ ಕೊಡುವವಳ ಹಾಗೆ ಜೋರು ದನಿ. ಅಡಾ ಬಾಗಿಲ ಬಳಿ ಎರಡು ಸಲ ಒಳಗೆ ಬನ್ನಿ ಎಂದರೂ ಬಂದವಳು ಕೇಳಿಸದೆ ನಿಂತಿದ್ದಳು. ಮುಖ ತಿರುಗಿಸಿ ಅಡಾಳನ್ನು ನೋಡಿದ ಮೇಲೆ ಒಳಗೆ ಬಂದಳು.

"ಮೂವತ್ತು ವರ್ಷ ಮಗ್ಗದ ಕಾರ್ಖಾನೆ," ಎಂದು ಕಿವಿ ತೋರಿಸಿದಳು. "ನಾನೂರು ಮಗ್ಗ ಒಂದೇ ಸೂರಿನ ಕೆಳಗೆ. ಇದ್ದ ಕಿವಿ ಅಲ್ಲೇ ಬಿಟ್ಟುಬಂದೆ."

ಅಡಾ ಚಹಾ ಕೊಟ್ಟಳು, ಕೇಕ್ ಕತ್ತರಿಸಿದಳು. ಮಿಸೆಸ್ ಅಸ್ಪಿನಾಲ್ ಸೆತ್‌ನ ಎದುರಿಗೆ ಕೂತು ಅವನ ಮುಖವನ್ನೇ ನೋಡುತ್ತ ಕೇಳಿದಳು. ಮಗನನ್ನು ಮೊದಲು ಕಂಡವರು ನೀವಂತೆ. ನರಳಿದನೇ? ಇಲ್ಲಮ್ಮ, ಬಡಿದ ಕೂಡಲೇ ಹೋಗಿದ್ದ, ಏನೂ ಗೊತ್ತಾಗಿರಲ್ಲ, ಎಂದ ಸೆತ್. ಅಂದು ಸಂಜೆ ನಿಮಗೇನೂ ಕೇಳಿಸಲಿಲ್ಲವೇ? ಗಾಳಿ ಆ ಕಡೆಯಿತ್ತಮ್ಮ. ಅವಳು ತಲೆದೂಗಿ ಚಹಾ ಕುಡಿದಳು. ಮೇಜಿನ ಕೆಳಗಿಂದ ಬಂದ ನೆಲ್‌ನ ತಲೆ ಸವರಿ, ಒಳ್ಳೆ ನಾಯಿ, ತುಂಬ ಬೊಗಳುತ್ತದೆಯೇ ಎಂದು ಅಡಾಳನ್ನು ಕೇಳಿದಳು.

ಅಡಾಳ ಬಾಯಿ ತೆರೆಯಿತು. ಸೆತ್ ಹೆದರಿದ. ದನಿ ಪೂರ್ತಿ ಇಳಿಸಿ, ಬರೀ ತುಟಿಯಲ್ಲಿ ಹೆಂಡತಿಗೆ ಹೇಳಿದ: "ಅವತ್ತು ಬೊಗಳಿದ್ದು ಬಾಯಿ ಬಿಡಬೇಡ. ಕಿವುಡಿ, ಬೇಗ ಕಳಿಸು."

ಗುಡ್ಡಗಾಡಿನ ಮನುಷ್ಯ, ಅವನಿಗೇನು ಗೊತ್ತು. ನಾನೂರು ಮಗ್ಗ ಬಡಿಯುವಾಗ ಅಲ್ಲಿನ ಹೆಂಗಸರು ಹೇಗೆ ಹರಟೆ ಹೊಡೆಯುತ್ತಾರೆಂದು ಅವನು ಒಮ್ಮೆಯೂ ಯೋಚಿಸಿದವನಲ್ಲ. ಬರ್ನ್ಲಿಯ ಮಗ್ಗದವಳು ಆಚೆ ತುದಿಯ ಗೆಳತಿಯ ತುಟಿ ನೋಡಿ ಅವಳ ಅತ್ತೆಯ ಚಾಡಿಯನ್ನು ಅಕ್ಷರ ಬಿಡದೆ ಓದುತ್ತಾಳೆ. ಮೇಜಿನ ಆಚೆಯ ಗಂಡಸಿನ ತುಟಿ ಯಾವ ಲೆಕ್ಕ?

ಮಿಸೆಸ್ ಅಸ್ಪಿನಾಲ್ ಬಟ್ಟಲನ್ನು ನಿಧಾನವಾಗಿ ಕೆಳಗಿಟ್ಟಳು.

"ಹೌದು, ಕಿವುಡಿನೇ," ಎಂದಳು. "ಅದಕ್ಕೇ ತುಟಿ ಓದೋದು ಕಲ್ತಿದ್ದೀನಿ."

ಅವಳು ಕೈಚೀಲದಿಂದ ಒಂದು ಕಾಗದ ತೆಗೆದಳು. ತಾನೇ ಮಗನಿಗೆ ಬರೆದದ್ದು, ಅವನ ಒಳಜೇಬಿನಲ್ಲಿತ್ತು ಎಂದಳು. ಅಧಿಕಾರಿಗಳು ದೊಡ್ಡ ಮನೆತನದವರು. ಅಮ್ಮನ ಕಾಗದ ಎಂದು ಗೊತ್ತಾದ ಮೇಲೆ ಬಿಚ್ಚಿ ನೋಡುವುದು ಮರ್ಯಾದೆಯಲ್ಲವೆಂದು ಮಡಿಕೆ ಸಹ ಬಿಡಿಸದೆ ಕಳಿಸಿಕೊಟ್ಟಿದ್ದರು. ಅದರ ಹಿಂಬದಿಯಲ್ಲಿ, ಮಡಿಕೆಯ ಒಳಗೆ, ಮಗ ಬರೆದ ಪೆನ್ಸಿಲಿನ ಸಾಲುಗಳಿದ್ದವು. ದಾರಿ ನೋಡುವವರಿಗೆ ಮೊದಲ ದಿನದಿಂದ ಕಲಿಸುವುದೇ ಅದು: ಮೊದಲು ಗಂಟೆ, ಆಮೇಲೆ ಕಂಡದ್ದು, ಮತ್ತೇನೂ ಬೇಡ.

ಸೆತ್‌ಗೆ ಬೇಡಿಕೊಳ್ಳಬೇಕೆನ್ನಿಸಿತು. ಪೊಲೀಸರಿಗೆ ಹೇಳುತ್ತೀರಾ ಎಂದು ಕೇಳಿದ. ಕರ್ನಲ್ ಅವರಿಗೆ ಹೇಳುತ್ತೀರಾ ಎಂದು ಕೇಳಿದ. ಈ ಮನೆ ಹೋಗುತ್ತದೆ, ನಮಗೆ ಬೇರೆ ಗತಿಯಿಲ್ಲ ಎಂದ. ಅವಳು ಅವನ ತುಟಿ ನಿಲ್ಲುವವರೆಗೆ ಕಾದಳು.

"ಮನೆ ನೀವೇ ಇಟ್ಕೊಳ್ಳಿ. ನನಗೊಂದು ಕೆಲಸ ಆಗ್ಬೇಕು. ಇದನ್ನ ನಾನು ಓದಿದ್ದೀನಿ, ಎಷ್ಟು ಸಲ ಅಂತ ಗೊತ್ತಿಲ್ಲ. ಯಾರ ಬಾಯಲ್ಲೂ ಕೇಳಿಲ್ಲ. ಅವನ ಸೀಟಿ ಕೇಳಿಸ್ಕೊಂಡವರು ನೀವು. ನೀವೇ ಓದಿ. ನನ್ನ ಕಡೆ ಮುಖ ಮಾಡಿ, ನಿಧಾನಕ್ಕೆ."

ಸೆತ್ ಕಾಗದ ತೆಗೆದುಕೊಂಡ. ಅಡಾ ಎದ್ದು ಹೋಗಲು ನೋಡಿದಳು. ಮಿಸೆಸ್ ಅಸ್ಪಿನಾಲ್ ಅವಳ ಕಡೆ ಒಮ್ಮೆ ನೋಡಿದ್ದಕ್ಕೆ ಮತ್ತೆ ಕೂತಳು. ಸೆತ್ ಓದಿದ.

"ನಾಲ್ಕು ಐವತ್ತು. ಗುಡ್ಡಕ್ಕೆ ಬಡಿದೆವು. ಮೂವರೂ ಹೋದರು. ನನ್ನ ಕಾಲು ಎರಡೂ ಮುರಿದಿವೆ.

"ಐದು ಹತ್ತು. ಆರು ಸೀಟಿ. ನಿಮಿಷ ಬಿಟ್ಟು ಮತ್ತೆ ಆರು.

"ಏಳು ಐದು. ಕೆಳಗೆ ನಾಯಿ ಬೊಗಳಿತು. ಯಾರೋ ಗದರಿಸಿದರು. ನಾಯಿ ಸುಮ್ಮನಾಯಿತು. ಹಾಗಾದರೆ ಹತ್ತಿರದಲ್ಲಿ ಮನೆಯಿದೆ. ಬರುತ್ತಾರೆ.

"ಬೆಳಗಿನ ಐದು. ತುಂಬಾ ಚಳಿ. ಆರು ಊದಲು ಆಗುತ್ತಿಲ್ಲ. ಮೂರು ಊದಿದೆ."

ಅವನು ನಿಲ್ಲಿಸಿದ. ಇನ್ನೊಂದೇ ಸಾಲಿತ್ತು. ಅಕ್ಷರಗಳು ಕಾಗದದ ಮೇಲೆ ಜಾರಿಕೊಂಡು ಹೋಗಿದ್ದವು. ಅವನ ಕಣ್ಣು ಅದನ್ನು ಆಗಲೇ ಓದಿ ಮುಗಿಸಿತ್ತು, ಬಾಯಿ ಏಳಲಿಲ್ಲ. ಎದುರಿಗಿದ್ದವಳು ಕಾದಳು.

"ಹತ್ತು ಇಪ್ಪತ್ತು," ಎಂದು ಓದಿದ. "ಬಂದೂಕಿನ ಸದ್ದು. ಬೇಕಾದಷ್ಟು ಬಂದೂಕು. ನನ್ನನ್ನು ಹುಡುಕುವವರು ಸನ್ನೆ ಕೊಡುತ್ತಿದ್ದಾರೆ, ಅಮ್ಮ. ನಾನೂ ಸೀಟಿ ಊದಿ ಉತ್ತರ ಕೊಡುತ್ತಿದ್ದೇನೆ."

ಕಾಗದ ಮೇಜಿನ ಮೇಲೆ ಬಿತ್ತು. ಮಿಸೆಸ್ ಅಸ್ಪಿನಾಲ್ ಅದನ್ನೆತ್ತಿ, ಮಡಿಕೆ ಸರಿಮಾಡಿ, ಮತ್ತೆ ಅವನ ಕೈಗಿಟ್ಟಳು.

"ಕೊನೇ ಸಾಲು ಇನ್ನೊಂದ್ಸಲ ಓದಿ," ಎಂದಳು. "ನಿಮ್ಮ ತುಟಿ ನಡುಗ್ತಾ ಇತ್ತು. ನನಗೆ ಗೊತ್ತಾಗ್ಲಿಲ್ಲ."